ನಮ್ಮವರೇ ಸ್ವಲ್ಪ ಜನ, ನಾನು ಹೀಗಾದರೆ?

ಪ್ರಶ್ನೆ: ನನಗೆ 22. ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಮನೆಯವನು, ತುಮಕೂರಿನಲ್ಲಿ ಓದುತ್ತಿದ್ದೇನೆ. ಶಿರಾ ಕಡೆಯ ಹುಡುಗನೊಬ್ಬನನ್ನು ಪ್ರೀತಿಸುತ್ತೇನೆ, ಅವನೂ ಅಷ್ಟೇ. ಮನೆಯಲ್ಲಿ ‘ನಾವಿರೋದೇ ಸ್ವಲ್ಪ ಜನ, ನಮ್ಮ ಹುಡುಗಿಯನ್ನೇ ಮದುವೆಯಾಗು’ ಅಂತಾರೆ. ನನ್ನವರಿಗೆ ಮೋಸ ಮಾಡುತ್ತಿದ್ದೇನಾ? ಪೊಲೀಸರ ಭಯವೂ ಇದೆ.
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಭಯದ ವಿಷಯ ಮುಗಿಸೋಣ. ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಸಮಾನತೆಯ ಹಕ್ಕು, ಬದುಕುವ ಹಕ್ಕು ಬರೀ ನಾಗರಿಕರದ್ದಲ್ಲ, ಈ ನೆಲದಲ್ಲಿರುವ ಎಲ್ಲರದ್ದು. ಮದುವೆಗೆ ಮಾತ್ರ ಮಾನ್ಯತೆ ಇಲ್ಲ, 2023ರಲ್ಲಿ ಅದೇ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು.

ಇನ್ನು ಮೋಸದ ಮಾತು. ಊರು ಬಿಟ್ಟು ಬಂದು, 1960ರ ದಶಕದಲ್ಲಿ ಬೈಲಕುಪ್ಪೆಯ ಕಾಡು ಕಡಿದು ಹೊಲ ಮಾಡಿದ ನಿಮ್ಮ ಹಿರಿಯರಿಗೆ ತಮ್ಮತನ ಕರಗಿಹೋಗುತ್ತೆ ಅನ್ನೋ ಆತಂಕ ಇದ್ದೇ ಇರುತ್ತೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಆದರೆ ಭಾಷೆ, ಹೊಸ ವರ್ಷದ ಲೋಸಾರ್ ಹಬ್ಬ, ಪ್ರಾರ್ಥನೆ ಇವೆಲ್ಲ ಮದುವೆಯಿಂದ ಮಾತ್ರ ಉಳಿಯೋದಿಲ್ಲ ಅಲ್ವಾ? ಮನೆಯ ಚಿಕ್ಕ ಮಕ್ಕಳಿಗೆ ಟಿಬೆಟನ್ ಓದಲು ನೀವೇ ಕಲಿಸಬಹುದು. ಆ ಹುಡುಗನನ್ನು ಲೋಸಾರ್‌ಗೆ ಕರೆದುಕೊಂಡು ಹೋಗಿ, ಸದ್ಯಕ್ಕೆ ಗೆಳೆಯ ಅಂತಲೇ. (ಅವನ ಮನೆಯಲ್ಲೂ ಜಾತಿ ನೋಡಿ ಹೆಣ್ಣು ಹುಡುಕುತ್ತಿರುತ್ತಾರೆ, ಬೇಕಾದರೆ ಕೇಳಿ ನೋಡಿ!) ಸ್ವಂತ ದುಡಿಮೆ ಬರುವವರೆಗೆ ಮನೆಯಲ್ಲಿ ಹೇಳಲು ಅವಸರ ಬೇಡ. ಒತ್ತಾಯಕ್ಕೆ ಮಣಿದು ಒಬ್ಬ ಹುಡುಗಿಯನ್ನು ಕಟ್ಟಿಕೊಳ್ಳೋದಂತೂ ಬೇಡವೇ ಬೇಡ, ಮೋಸ ಅಂದರೆ ಅದು. ಚಿಂತೆ ಜಾಸ್ತಿಯಾಗಿ ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.