ರಾಜಮನೆತನವೇ ಯಹೂದಿ ಧರ್ಮಕ್ಕೆ ಸೇರಿದ ಪುರಾತನ ಸಾಮಂತ ರಾಜ್ಯ ಯಾವುದು?

ಅಡಿಯಾಬೀನ್. ಈಗಿನ ಉತ್ತರ ಇರಾಕಿನಲ್ಲಿದ್ದ, ಪುರಾತನ ಇರಾನಿನ ಪಾರ್ಥಿಯನ್ ಸಾಮ್ರಾಜ್ಯದ ಸಾಮಂತ ರಾಜ್ಯ. ರಾಜಧಾನಿ ಅರ್ಬೇಲಾ, ಅಂದರೆ ಇಂದಿನ ಎರ್ಬಿಲ್. ಕ್ರಿ.ಶ. 1ನೇ ಶತಮಾನದಲ್ಲಿ ರಾಣಿ ಹೆಲೆನಾ ಮತ್ತು ಮಗ ಇಝಾಟಿಸ್ ಬೇರೆ ಬೇರೆ ಗುರುಗಳ ಮೂಲಕ ಈ ಧರ್ಮಕ್ಕೆ ಒಲಿದರು. ಮಗನಿಗೆ ಕಲಿಸಿದವನು ಅನನಿಯಾಸ್ ಎಂಬ ವ್ಯಾಪಾರಿ. ಯಹೂದಿ ಧರ್ಮಶಾಸ್ತ್ರ ವಿಧಿಸುವ ಸುನ್ನತಿಯನ್ನು ಇಝಾಟಿಸ್ ಮಾಡಿಸಿಕೊಂಡರೆ ಪ್ರಜೆಗಳು ತಿರುಗಿಬೀಳಬಹುದೆಂದು ಅವನೇ ತಡೆದಿದ್ದ. ಆಮೇಲೆ ಯಹೂದಿಗಳ ನಾಡಾದ ಗಲಿಲಾಯದಿಂದ ಬಂದ ಎಲಿಯಾಜರ್, ಧರ್ಮಶಾಸ್ತ್ರ ಓದಿದರೆ ಸಾಲದು, ಅದರಂತೆ ನಡೆಯಬೇಕು ಎಂದಾಗ ಇಝಾಟಿಸ್ ಮಾಡಿಸಿಕೊಂಡೇಬಿಟ್ಟ.

ನನಗೆ ಇವರಲ್ಲಿ ದೊಡ್ಡವಳಾಗಿ ಕಾಣುವುದು ಹೆಲೆನಾ. ಜೆರುಸಲೇಮಿನಲ್ಲಿ ಜನ ಬರಗಾಲಕ್ಕೆ ಸಿಕ್ಕಿ ಸಾಯುತ್ತಿದ್ದಾಗ ಅಲೆಕ್ಸಾಂಡ್ರಿಯದಿಂದ ಧಾನ್ಯ, ಸೈಪ್ರಸ್‌ನಿಂದ ಒಣ ಅಂಜೂರ ತರಿಸಿ ಹಂಚಿದಳು. ಅಲ್ಲಿ ‘ರಾಜರ ಸಮಾಧಿ’ ಎಂದು ಹೆಸರಾದ ಬಂಡೆಗೋರಿಯನ್ನು ವಿದ್ವಾಂಸರು ಈಕೆಯ ಕುಟುಂಬದ್ದೆಂದೇ ಗುರುತಿಸುತ್ತಾರೆ.