ಸೋರ್ಸ್‌ನಿಂದ ಹಾಕಿದ ಪ್ರೋಗ್ರಾಂ ತೆಗೆಯಬೇಕಾ? ಮೊದಲು ಸೋರ್ಸ್ ಫೋಲ್ಡರ್ ಉಳಿಸಿಕೊಳ್ಳಿ

ಲಿನಕ್ಸ್‌ನಲ್ಲಿ ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಿ ಹಾಕಿದ ಪ್ರೋಗ್ರಾಂ ತೆಗೆಯಲು ಹೋದರೆ ಆಪ್ಟ್ (ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್) "ಅಂಥ ಪ್ಯಾಕೇಜೇ ಇಲ್ಲ" ಅನ್ನುತ್ತಿದೆ, ಸೋರ್ಸ್ ಫೋಲ್ಡರ್ ಅಳಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಅದನ್ನು ಈಗಲೇ ಅಳಿಸಲೂಬೇಡಿ.

ಆಪ್ಟ್ ತಾನು ಹಾಕಿದ್ದಕ್ಕೆ ಮಾತ್ರ ಲೆಕ್ಕ ಇಡುತ್ತದೆ. ಕಂಪೈಲ್ ಆದ ಮೇಲೆ ನೀವು ಕೊಟ್ಟ 'ಮೇಕ್ ಇನ್‌ಸ್ಟಾಲ್' ಕಮಾಂಡ್ ಫೈಲುಗಳನ್ನು ಅಲ್ಲಲ್ಲಿ ಕಾಪಿ ಮಾಡಿ ಸುಮ್ಮನಾಗುತ್ತದೆ. ಸಾಮಾನ್ಯವಾಗಿ ಅವು ಹೋಗುವುದು /ಯುಎಸ್‌ಆರ್/ಲೋಕಲ್ ಒಳಗಿನ ಬಿನ್, ಲಿಬ್, ಶೇರ್ ಫೋಲ್ಡರುಗಳಿಗೆ. ಯಾವುದು ಎಲ್ಲಿಗೆ ಹೋಯಿತು ಅಂತ ತಿಳಿಯಲು ನಿಮ್ಮ ಕೈಲಿರುವ ದಾರಿ ಆ ಸೋರ್ಸ್ ಫೋಲ್ಡರೇ.

ಅದರೊಳಗೆ ಹೋಗಿ 'ಸುಡೋ ಮೇಕ್ ಅನ್‌ಇನ್‌ಸ್ಟಾಲ್' ಕೊಟ್ಟು ನೋಡಿ. ಆಟೋಮೇಕ್ ಅನ್ನೋ ಬಿಲ್ಡ್ ಟೂಲ್ ಬಳಸಿದ ಪ್ರಾಜೆಕ್ಟ್ ಆದರೆ ಬಹುತೇಕ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಟೂಲ್ ಮೆಸಾನ್ ಆದರೆ ಬಿಲ್ಡ್ ಫೋಲ್ಡರಿನಲ್ಲಿ 'ನಿಂಜಾ ಅನ್‌ಇನ್‌ಸ್ಟಾಲ್'. ಮೇಕ್ ಕ್ಲೀನ್ ಕೊಟ್ಟು ಕಾಯುತ್ತಾ ಕೂರಬೇಡಿ, ಅದು ಬಿಲ್ಡ್ ಕಸವನ್ನಷ್ಟೇ ಗುಡಿಸುತ್ತದೆ.

ಸಿಮೇಕ್ ಅನ್ನೋ ಇನ್ನೊಂದು ಬಿಲ್ಡ್ ಟೂಲ್‌ನಲ್ಲಿ ಅನ್‌ಇನ್‌ಸ್ಟಾಲ್ ತಾನಾಗಿ ಬರಲ್ಲ. ಬದಲಿಗೆ ಬಿಲ್ಡ್ ಫೋಲ್ಡರಿನಲ್ಲಿ 'ಇನ್‌ಸ್ಟಾಲ್ ಮ್ಯಾನಿಫೆಸ್ಟ್' ಅನ್ನೋ ಟೆಕ್ಸ್ಟ್ ಫೈಲ್ ಇರುತ್ತದೆ. ಹಾಕಿದ ಪ್ರತಿ ಫೈಲಿನ ಪೂರ್ತಿ ಪಾತ್ ಅದರಲ್ಲಿ ಸಾಲಾಗಿ ಸಿಗುತ್ತದೆ. ಒಮ್ಮೆ ಕಣ್ಣಾಡಿಸಿ, ಆಮೇಲೆ ಎಕ್ಸ್‌ಆರ್ಗ್ಸ್ (ಪಟ್ಟಿಯನ್ನು ಬೇರೆ ಕಮಾಂಡಿಗೆ ದಾಟಿಸುವ ಕಮಾಂಡ್) ಮೂಲಕ ಫೈಲ್ ಅಳಿಸುವ ಆರ್‌ಎಂಗೆ ಕೊಡಿ. ಖಾಲಿ ಫೋಲ್ಡರುಗಳು ಉಳಿಯುತ್ತವೆ, ಅವುಗಳಿಂದ ತೊಂದರೆ ಇಲ್ಲ.

ಫೋಲ್ಡರ್ ಆಗಲೇ ಅಳಿಸಿಬಿಟ್ಟಿದ್ದರೆ? ಅದೇ ವರ್ಷನ್ ಮತ್ತೆ ಇಳಿಸಿಕೊಳ್ಳಿ, ಮೊದಲು ಕೊಟ್ಟ ಪ್ರಿಫಿಕ್ಸ್ (ಫೈಲುಗಳು ಯಾವ ಫೋಲ್ಡರಿನೊಳಗೆ ಹೋಗಬೇಕು ಅನ್ನೋ ಸೆಟ್ಟಿಂಗ್) ಅನ್ನೇ ಕೊಟ್ಟು ಕಾನ್ಫಿಗರ್ ಮಾಡಿ, ಆಮೇಲೆ ಮೇಕ್ ಅನ್‌ಇನ್‌ಸ್ಟಾಲ್ ಕೊಡಿ. ಅನ್‌ಇನ್‌ಸ್ಟಾಲ್ ಇಲ್ಲದಿದ್ದರೆ ಡೆಸ್ಟ್‌ಡಿರ್ (ಫೈಲುಗಳನ್ನು ಅಸಲಿ ಜಾಗದ ಬದಲು ಬೇರೆ ಫೋಲ್ಡರಿನೊಳಗೆ ಇಳಿಸುವ ಆಪ್ಷನ್) ಅನ್ನು ಟೆಂಪ್‌ನ ಒಂದು ಖಾಲಿ ಫೋಲ್ಡರಿಗೆ ತೋರಿಸಿ ಮೇಕ್ ಇನ್‌ಸ್ಟಾಲ್ ಕೊಡಿ. ಅಸಲಿ ಸಿಸ್ಟಂ ಮುಟ್ಟದೆ ಎಲ್ಲವೂ ಅಲ್ಲಿ ಬಂದು ಬೀಳುತ್ತದೆ. ಅಲ್ಲಿ 'ಫೈಂಡ್' ಕಮಾಂಡ್ ಕೊಟ್ಟರೆ ಪಟ್ಟಿ ರೆಡಿ, ಪಾತ್‌ಗಳ ಮೊದಲಿಗಿರುವ ಆ ಟೆಂಪ್ ಫೋಲ್ಡರಿನ ಹೆಸರು ಬಿಟ್ಟರೆ ಉಳಿದದ್ದೇ ಅಸಲಿ ಜಾಗ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ತಾರೀಕು ನೋಡಿ ಹೊಸ ಫೈಲುಗಳನ್ನು ಹುಡುಕಿ ಅಳಿಸಿ ಅಂತ ಕೆಲವರು ಹೇಳುತ್ತಾರೆ. ಅದೇ ದಿನ ಬೇರೇನಾದರೂ ಹಾಕಿದ್ದರೆ ಅದೂ ಹೋಗುತ್ತದೆ, ಅಲ್ವಾ?

ಒಂದು ಕಡೆ ಮಾತ್ರ ಜಾಸ್ತಿ ಹುಷಾರು ಬೇಕು. ಪ್ರಿಫಿಕ್ಸ್ ಬರೀ /ಯುಎಸ್‌ಆರ್ ಅಂತ ಕೊಟ್ಟಿದ್ದರೆ ಡಿಸ್ಟ್ರೋದ (ನಿಮ್ಮ ಲಿನಕ್ಸ್‌ನ) ಸ್ವಂತ ಫೈಲುಗಳ ಮೇಲೇ ಬರೆದಿರಬಹುದು. ಪಟ್ಟಿಯ ಪ್ರತಿ ಪಾತ್ ಅನ್ನೂ 'ಡಿಪಿಕೆಜಿ' ಕಮಾಂಡಿನ ದೊಡ್ಡ ಎಸ್ ಆಪ್ಷನ್‌ಗೆ ಕೊಟ್ಟು ನೋಡಿ, ಆ ಫೈಲ್ ಯಾವ ಪ್ಯಾಕೇಜಿನದು ಅಂತ ಅದು ಹೇಳುತ್ತದೆ. ಯಾವುದಾದರೂ ಪ್ಯಾಕೇಜಿನ ಹೆಸರು ಬಂದರೆ ಅಳಿಸಬೇಡಿ, ಆ ಪ್ಯಾಕೇಜನ್ನು ಆಪ್ಟ್‌ನಿಂದ ರೀಇನ್‌ಸ್ಟಾಲ್ ಮಾಡಿ.

ಮುಂದಿನ ಸಲ ಪ್ರಿಫಿಕ್ಸ್‌ಗೆ /ಆಪ್ಟ್ ಒಳಗೆ ಅದಕ್ಕೇ ಅಂತ ಒಂದು ಫೋಲ್ಡರ್ ಕೊಡಿ. ಬೇಡವಾದಾಗ ಅದೊಂದನ್ನು ಅಳಿಸಿದರೆ ಮುಗಿಯಿತು. (ಇದು ಪ್ಯಾಕೇಜ್ ಹಾಕುವ ಆಪ್ಟ್ ಅಲ್ಲ, ರೂಟ್‌ನಲ್ಲಿರುವ ಫೋಲ್ಡರ್.)

ತೆಗೆದ ಮೇಲೆ ಲೈಬ್ರರಿಗಳಿದ್ದರೆ 'ಸುಡೋ ಎಲ್‌ಡಿಕಾನ್ಫಿಗ್' ಓಡಿಸಿ, ಸಿಸ್ಟಂ ಇಟ್ಟುಕೊಂಡ ಲೈಬ್ರರಿ ಪಟ್ಟಿ ಹೊಸದಾಗುತ್ತದೆ. ಹೋಮ್‌ನಲ್ಲಿರುವ ಸೆಟ್ಟಿಂಗ್ಸ್ ಫೈಲುಗಳನ್ನು ನೀವೇ ತೆಗೆಯಬೇಕು. ಆಮೇಲೂ ಬ್ಯಾಶ್ ಹಳೇ ಪಾತ್ ತೋರಿಸಿ "ಅಂಥ ಫೈಲ್ ಇಲ್ಲ" ಅಂದರೆ ಗಾಬರಿ ಬೇಡ. ಹೊಸ ಟರ್ಮಿನಲ್ ತೆರೆಯಿರಿ.