ನಿಕಾನ್ ಎಫ್3: ಲೋಹ ಗಟ್ಟಿ, ಸ್ಪಂಜು ಪುಡಿ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ನಿಕಾನ್ ಎಫ್3 ರೀಲ್ ಕ್ಯಾಮೆರಾ ಒಂದು ಮಾರಾಟಕ್ಕಿದೆ. ‘ಟೈಟಾನಿಯಂ ಶಟರ್, ಕೆಡುವ ಮಾತೇ ಇಲ್ಲ’ ಎನ್ನುತ್ತಿದ್ದಾರೆ. ನಂಬಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಅರ್ಧ ನಂಬಿ. 1980ರಲ್ಲಿ ಬಂದ ಈ ಮಾಡೆಲ್‌ನ ಶಟರ್ ಪರದೆ, ಅಂದರೆ ರೀಲಿನ ಮೇಲೆ ಬೆಳಕು ಬಿಡುವ ಪರದೆ, ಟೈಟಾನಿಯಂ ಹಾಳೆಯದೇ. ಬಟ್ಟೆಯ ಪರದೆಯಂತೆ ಬಿಸಿಲಿಗೆ ಸುಟ್ಟು ತೂತಾಗುವುದಿಲ್ಲ. ಆದರೆ ಹಾಳೆ ತೀರಾ ತೆಳು. ರೀಲು ಹಾಕುವಾಗ ಹೆಬ್ಬೆರಳು ಒತ್ತಿದರೆ ಸುಕ್ಕು ಬೀಳುತ್ತದೆ. ಬಾಡಿ ಅಲ್ಯೂಮಿನಿಯಂ ಮಿಶ್ರಲೋಹದ್ದು, ರೀಲು ಮುಂದೂಡುವ ಲಿವರ್ ಬಾಲ್‌ಬೇರಿಂಗ್ ಮೇಲೆ ತಿರುಗುತ್ತದೆ. ತಿರುಗಿಸುವಾಗ ಮರಳು ಕರಕರ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಶಟರ್ ಸಮಯವನ್ನು ನಡೆಸುವುದು ಎಲೆಕ್ಟ್ರಾನಿಕ್ ಸರ್ಕ್ಯೂಟ್. ಹಾಗಾಗಿ ಗುಂಡಿಯಂಥ ಎರಡು ಹೊಸ ಎಸ್‌ಆರ್44 ಸೆಲ್ ಹಾಕಿಯೇ ಪರೀಕ್ಷಿಸಿ. ಬಹಳ ಮಂದಿ ಎಡವುವುದು ಇಲ್ಲೇ: ಎಷ್ಟನೇ ಚಿತ್ರವೆಂದು ತೋರಿಸುವ ಫ್ರೇಮ್ ಕೌಂಟರ್ 1 ತಲುಪುವವರೆಗೆ ಆಟೊದಲ್ಲಿ ಬೆಳಕು ಎಷ್ಟೇ ಇರಲಿ, ಶಟರ್ ಸುಮಾರು 1/80 ಸೆಕೆಂಡಿಗೇ ಬೀಳುತ್ತದೆ. ಅದು ದೋಷವಲ್ಲ, ರೀಲು ಬೇಗ ಸಜ್ಜಾಗಲೆಂದು ಮಾಡಿದ ವ್ಯವಸ್ಥೆ. ಹಿಂಬಾಗಿಲು ಮುಚ್ಚಿ, ಕೌಂಟರ್ 1 ದಾಟಿಸಿ, ಆಮೇಲೆ 1, 1/2, 1/4 ಸೆಕೆಂಡ್ ಕಿವಿಗೊಟ್ಟು ಕೇಳಿ. 1/1000, 1/2000 ಕಿವಿಗೆ ಸಿಗುವುದಿಲ್ಲ. ಒಂದೇ ಸಮ ಬೆಳಕಿರುವ ಬಿಳಿ ಗೋಡೆಯನ್ನು ಈ ವೇಗಗಳಲ್ಲಿ ತೆಗೆದು ನೆಗೆಟಿವ್ ನೋಡಿ. ಎರಡು ಪರದೆಗಳು ಒಂದರ ಹಿಂದೊಂದು ಅಡ್ಡಡ್ಡ ಓಡುವುದರಿಂದ, ಅವುಗಳ ವೇಗ ಹೊಂದದಿದ್ದರೆ ಫ್ರೇಮಿನ ಎಡಕ್ಕೂ ಬಲಕ್ಕೂ ಕಪ್ಪಿನ ದಟ್ಟಣೆ ಬೇರೆ ಬೇರೆ ಬರುತ್ತದೆ.

ಪ್ರಶ್ನೆ: ನನ್ನ ಎಫ್3ರ ಕನ್ನಡಿಯ ಮೇಲೆ ಕಪ್ಪು ಅಂಟು ಪುಡಿ ಬೀಳುತ್ತಿದೆ. ಶಟರ್ ಸವೆಯುತ್ತಿದೆಯೇ?
— ಓದುಗರು, ಮಂಗಳೂರು

ಉತ್ತರ: ಇಲ್ಲ. ಕನ್ನಡಿ ಮೇಲಕ್ಕೆ ಹಾರಿ ಬಡಿಯುವ ಜಾಗದಲ್ಲಿ ಸ್ಪಂಜಿನ ಪಟ್ಟಿಯಿದೆ. ಕರಾವಳಿಯ ತೇವಕ್ಕೆ ಅಂಥ ಪಾಲಿಯುರೆಥೇನ್ ಸ್ಪಂಜು ಕರಗಿ ಗೋಂದಿನಂತಾಗುತ್ತದೆ. ಕ್ಯಾಮೆರಾ ಮುಖ ಕೆಳಗಿಟ್ಟುಕೊಂಡು, ಮರದ ಕಡ್ಡಿಯ ತುದಿಗೆ ತುಸುವೇ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಹಳೆಯದನ್ನು ಎಬ್ಬಿಸಿ. ಅಸಿಟೋನ್ ಬೇಡವೇ ಬೇಡ, ಪೇಂಟು ಪ್ಲಾಸ್ಟಿಕ್ಕು ಎರಡನ್ನೂ ತಿನ್ನುತ್ತದೆ. ಕನ್ನಡಿಯ ಲೇಪ ಗಾಜಿನ ಮೇಲ್ಮೈಯಲ್ಲೇ ಇದೆ, ಒರೆಸಿದರೆ ಗೀರು. ಬ್ಲೋವರ್‌ನ ಗಾಳಿ ಮಾತ್ರ. ಬೆಳಕು ನುಸುಳದಂತೆ ಹಿಂಬಾಗಿಲಿಗೆ ಹಾಕಿದ ಸ್ಪಂಜೂ ಇಷ್ಟೇ ಹಳೆಯದಲ್ಲವೇ? ಅದನ್ನೂ ಬದಲಿಸಿ. ಹೊಸದರ ದಪ್ಪ ಹೆಚ್ಚಾದರೆ ಬಾಗಿಲು ಬಲವಂತವಾಗಿ ಮುಚ್ಚಬೇಕಾಗಿ ಚಿಲಕ ಸವೆಯುತ್ತದೆ. ಕಿರಿದಾದ ಸಂದಿಗೆ ಕಪ್ಪು ಉಣ್ಣೆಯ ದಾರವೂ ನಡೆಯುತ್ತದೆ.

ಅಂದಹಾಗೆ, ಚರ್ಮದ ಕೇಸಿನಲ್ಲಿ ಇಡುತ್ತಿದ್ದರೆ ನಿಲ್ಲಿಸಿ. ಚರ್ಮ ತೇವ ಹಿಡಿದಿಟ್ಟು ಲೆನ್ಸಿಗೆ ಫಂಗಸ್ ತರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗಿನ ತೇವಾಂಶ ಶೇ 40–50.

ಪ್ರಶ್ನೆ: ಎಫ್3ರಲ್ಲಿ ಕಣ್ಣಿಟ್ಟು ನೋಡುವ ಫೈಂಡರಿನ ಅಂಕಿಗಳು ಮಸುಕು. ಸೆಲ್ ಸತ್ತರೆ ಕ್ಯಾಮೆರಾ ಪೂರ್ತಿ ನಿಲ್ಲುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಮೊದಲು ಸೆಲ್ ಬದಲಿಸಿ ನೋಡಿ. ಆಮೇಲೂ ಮಸುಕಾಗಿದ್ದರೆ, ಅಥವಾ ಕಪ್ಪು ಕಲೆ ಹರಡುತ್ತಿದ್ದರೆ, ಎಲ್‌ಸಿಡಿಗೆ ವಯಸ್ಸಾಗಿದೆ. ಬೇರೊಂದು ಕೆಟ್ಟ ಎಫ್3ಯಿಂದ ತೆಗೆದು ಹಾಕಿಸುವುದೇ ದಾರಿ. ಎಲ್‌ಸಿಡಿ ಮಾತ್ರ ಕೆಟ್ಟಿದ್ದರೆ ಎಕ್ಸ್‌ಪೋಷರ್ ತಪ್ಪುವುದಿಲ್ಲ. ಸೆಲ್ ಸತ್ತಾಗ ಲೆನ್ಸ್ ಪಕ್ಕದ ಚಿಕ್ಕ ಲಿವರ್‌ನಿಂದ ಸುಮಾರು 1/60 ಸೆಕೆಂಡಿನ ಒಂದೇ ವೇಗ ಸಿಗುತ್ತದೆ. ಸೆಲ್ಲಿಲ್ಲದೆಯೂ ಎಲ್ಲ ವೇಗ ಬೇಕೆನ್ನುವವರು 1982ರ ನಿಕಾನ್ ಎಫ್‌ಎಂ2 ನೋಡಲಿ. ಆದರೆ ಎಲ್‌ಆರ್44 ಸೆಲ್ಲೂ ಇದಕ್ಕೆ ನಡೆಯುತ್ತದೆ; ಅದು ಗಡಿಯಾರದಂಗಡಿಯಲ್ಲೇ ಸಿಗುವಾಗ, ಈ ಒಂದು ಕಾರಣಕ್ಕೆ ಎಫ್3 ಮಾರುವುದು ದುಡುಕು. ಎರಡು ಸೆಲ್ ಬ್ಯಾಗಿನಲ್ಲಿರಲಿ. ತಿಂಗಳುಗಟ್ಟಲೆ ಬಳಸದಿದ್ದರೆ ಒಳಗಿನದನ್ನೂ ತೆಗೆದಿಡಿ, ಸೋರಿದರೆ ಸಂಪರ್ಕ ತುಕ್ಕು ಹಿಡಿಯುತ್ತದೆ.